ಆಟದ ಹಂಗಾಮು

ಹೆಸರು ಒಂದಾಗಿದ್ದು ವಸ್ತು ಎರಡಾಗಿರುವುದು ಲೋಕದಲ್ಲಿ ಅಪರೂಪವೇನಲ್ಲ. 'ಫುಟ್‌ಬಾಲ್' ಎಂಬ ಮಾತು ಅಂಥವುಗಳಲ್ಲಿ ಒಂದು. ನಮ್ಮಲ್ಲಿ ಆ ಹೆಸರನ್ನು ಹೇಳಿದೊಡನೆ ಕಣ್ಣಮುಂದೆ ನಿಲ್ಲುವುದು ದುಂಡನೆಯ ಚೆಂಡು, ಬಲೆ ಕಟ್ಟಿದ ಗೋಲು, ಚೆಂಡಿಗೆ ಕೈ ಸೋಕಿಸದೆ ಓಡಾಡುವ ಆಟಗಾರರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲನ್ನು ಹೊಡೆದ ಬೆಂಗಳೂರಿನ ಸಾರಂಗಪಾಣಿ ರಾಮನ್ ಆಡಿದುದು ಈ ಆಟವನ್ನು. 1960ರಲ್ಲಿ ಆರಂಭವಾದ ಸುಬ್ರೊತೊ ಕಪ್‌ಗಾಗಿ ನಮ್ಮ ದೇಶದ ಶಾಲಾ ತಂಡಗಳು ಸೆಣಸುವುದೂ ಈ ಆಟದಲ್ಲಿಯೇ. ಆದರೆ ಅಮೆರಿಕದ ಒಬ್ಬ ಹೈಸ್ಕೂಲು ಹುಡುಗನಿಗೆ 'ಫುಟ್‌ಬಾಲ್' ಎಂದರೆ ಬೇರೆಯೇ ಒಂದು ಆಟ. ಅದರ ಚೆಂಡು ಎರಡು ತುದಿ ಚೂಪಾದ ಮೊಟ್ಟೆಯಂತಿರುತ್ತದೆ. ಆಟಗಾರರು ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ ಕಟ್ಟಿಕೊಂಡಿರುತ್ತಾರೆ. ಚೆಂಡನ್ನು ಹೆಚ್ಚಾಗಿ ಒಯ್ಯುವುದು ಕೈಯಲ್ಲಿ. ನಮ್ಮ ಫುಟ್‌ಬಾಲನ್ನು ಅವನು 'ಸಾಕರ್' ಎಂದು ಕರೆಯುತ್ತಾನೆ.

ಈ ಎರಡು ಆಟಗಳು ಹೇಗೆ ಬೇರೆಯಾದವು, ಅಮೆರಿಕದ ಶಾಲೆಗಳಲ್ಲಿ ಇವುಗಳ ಹಂಗಾಮು ಹೇಗೆ ಸಾಗುತ್ತದೆ, ಟೆಕ್ಸಾಸ್ ರಾಜ್ಯದಲ್ಲಿ ನಡೆದ ಒಂದು ಪ್ರಸಿದ್ಧ ಹಂಗಾಮಿನಲ್ಲಿ ಯಾರು ಏನನ್ನು ಗಳಿಸಿದರು, ಏನನ್ನು ಕಳೆದುಕೊಂಡರು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಹಂಗಾಮು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಬೆಳೆಗೆ ಹೇಗೋ ಹಾಗೆ ಅಲ್ಲಿ ಆಟಕ್ಕೂ ಹದ ಮಾಡುವ ಕಾಲ, ಬಿತ್ತುವ ಕಾಲ, ಕೊಯ್ಯುವ ಕಾಲ ಎಂಬುವಿವೆ. ಫಲವೆಲ್ಲ ಯಾರ ಕಣಜಕ್ಕೆ ಸೇರಿತೆಂಬ ಪ್ರಶ್ನೆಯನ್ನು ಕೊನೆಯಲ್ಲಿ ಕೇಳಲೇಬೇಕಾಗುತ್ತದೆ.

ಮೊದಲು ಹುಟ್ಟಿನ ಸಂಗತಿ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ದೊಡ್ಡ ಶಾಲೆಗಳಲ್ಲಿ ಚೆಂಡಾಟವೇನೋ ಇತ್ತು, ಆದರೆ ಒಂದು ಶಾಲೆಯ ನಿಯಮ ಇನ್ನೊಂದಕ್ಕೆ ಇರಲಿಲ್ಲ. ಈಟನ್ನಿನ ಹುಡುಗರು ಆಡುವ ರೀತಿಯೊಂದು, ಹ್ಯಾರೋವಿನವರದು ಮತ್ತೊಂದು. ರಗ್ಬಿ ಎಂಬ ಶಾಲೆಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಪದ್ಧತಿ ಬೆಳೆಯಿತು. 1845ರಲ್ಲಿ ಅಲ್ಲಿಯ ವಿದ್ಯಾರ್ಥಿಗಳೇ ತಮ್ಮ ಆಟದ ನಿಯಮಗಳನ್ನು ಬರೆದಿಟ್ಟರು. ಈ ಹುಡುಗರೆಲ್ಲ ವಿಶ್ವವಿದ್ಯಾನಿಲಯಗಳಿಗೆ ಬಂದು ಒಟ್ಟಿಗೆ ಆಡಹೊರಟಾಗ ಜಗಳವಾಗದೆ ಇರುವುದು ಸಾಧ್ಯವಿರಲಿಲ್ಲ. 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬಲ್ಲಿ ಕೆಲವು ಸಂಘಗಳವರು ಸೇರಿ 'ಫುಟ್‌ಬಾಲ್ ಅಸೋಸಿಯೇಷನ್' ಸ್ಥಾಪಿಸಿದರು. ಚೆಂಡನ್ನು ಹಿಡಿದು ಓಡುವುದೂ ಎದುರಾಳಿಯ ಮೊಣಕಾಲ ಕೆಳಗೆ ಒದೆಯುವುದೂ ಕೂಡದೆಂದು ಅಲ್ಲಿ ತೀರ್ಮಾನವಾಯಿತು. ಇದನ್ನೊಪ್ಪದ ಬ್ಲ್ಯಾಕ್‌ಹೀತ್ ಸಂಘದವರು ಹೊರನಡೆದರು. 1871ರಲ್ಲಿ ರಗ್ಬಿ ಪಂಗಡದವರದೇ ಬೇರೆ ಒಕ್ಕೂಟವಾಯಿತು. ಅಸೋಸಿಯೇಷನ್ ಎಂಬ ಪದದ ನಡುವಣ ತುಂಡನ್ನು ಹಿಡಿದು, ಅದಕ್ಕೊಂದು ಬಾಲ ಹಚ್ಚಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮಾಷೆಗೆ ಕರೆದ ಹೆಸರೇ 'ಸಾಕರ್'. ಅಂದಮೇಲೆ ಆ ಪದ ಅಮೆರಿಕದವರ ಸೃಷ್ಟಿಯಲ್ಲ, ಇಂಗ್ಲೆಂಡಿನದೇ ಸರಕು.

ಅಮೆರಿಕದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನು ಅಲ್ಲಿಯ ಫುಟ್‌ಬಾಲಿನ ಮೊದಲ ಕಾಲೇಜು ಪಂದ್ಯವೆಂದು ಎಣಿಸುತ್ತಾರೆ. ವಿನೋದವೆಂದರೆ ಅಂದು ಒಂದೊಂದು ಕಡೆಯಲ್ಲಿ 25 ಜನರಿದ್ದರು. ಚೆಂಡನ್ನು ಹಿಡಿದು ಓಡುವಂತಿರಲಿಲ್ಲ. ಅದು ಸಾಕರಿಗೇ ಹತ್ತಿರವಾದ ಆಟವಾಗಿತ್ತು. ರಟ್ಗರ್ಸ್ 6–4ರಿಂದ ಗೆದ್ದಿತು. 1874ರಲ್ಲಿ ಹಾರ್ವರ್ಡ್ ಕಾಲೇಜು ಕೆನಡಾದ ಮೆಕ್‌ಗಿಲ್ ತಂಡದೊಡನೆ ರಗ್ಬಿ ರೀತಿಯಲ್ಲಿ ಆಡಿ ಅದನ್ನೇ ಮೆಚ್ಚಿಕೊಂಡಿತು. ಉಳಿದ ಕಾಲೇಜುಗಳೂ ಕ್ರಮೇಣ ಅದರ ಹಿಂದೆ ಹೋದವು. ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಎಂಬಾತ 1880ರ ದಶಕದಲ್ಲಿ ರಗ್ಬಿಯ ನಿಯಮಗಳನ್ನು ಒಂದೊಂದಾಗಿ ತಿದ್ದಿ ಹೊಸದೊಂದು ಆಟವನ್ನೇ ರೂಪಿಸಿದನು. ಆಟ ಬಹಳ ಒರಟಾಗಿತ್ತು. 1905ರಲ್ಲಿ ಆಟಗಾರರ ಸಾವುಗಳಿಂದ ದೇಶವೇ ಕಳವಳಗೊಂಡು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಗುಂಪು ಗುಂಪಾಗಿ ನುಗ್ಗಿ ತುಳಿಯುವುದರ ಬದಲು ಆಟವು ಮೈದಾನದ ಉದ್ದಗಲಕ್ಕೆ ಹರಡಲಿ ಎಂಬುದು ಇದರ ಉದ್ದೇಶಗಳಲ್ಲೊಂದು.

ಇಂದಿನ ಆಟದ ಮರ್ಮ ಸರಳವಾದುದು. ಮೈದಾನದ ಉದ್ದ 100 ಗಜ. ಎರಡು ತುದಿಗಳಲ್ಲಿಯೂ ಹತ್ತು ಹತ್ತು ಗಜದ ಗಡಿಪಟ್ಟಿ. ಒಂದು ತಂಡದಲ್ಲಿ ಹನ್ನೊಂದು ಮಂದಿ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಪ್ರಯತ್ನಗಳ ಅವಕಾಶವುಂಟು. ಅಷ್ಟರಲ್ಲಿ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಕಬಡ್ಡಿಯಲ್ಲಿ ಒಂದೊಂದು ದಾಳಿಯೂ ಹೇಗೆ ಒಂದು ಪೂರ್ಣ ಘಟನೆಯೋ ಹಾಗೆಯೇ ಇಲ್ಲಿ ಒಂದೊಂದು ಪ್ರಯತ್ನವೂ. ನಡುನಡುವೆ ಆಟ ನಿಲ್ಲುತ್ತದೆ, ತಂಡ ಗುಂಪುಗೂಡಿ ಮುಂದಿನ ಉಪಾಯ ಹೂಡುತ್ತದೆ. ಗಡಿಪಟ್ಟಿಯೊಳಕ್ಕೆ ಚೆಂಡನ್ನು ಒಯ್ದರೆ ಆರು ಅಂಕ. ಆ ಬಳಿಕ ಕಂಬಗಳ ನಡುವೆ ಒದ್ದರೆ ಇನ್ನೊಂದು. ಆಟದ ನಡುವೆ ಕಂಬಗಳ ಮಧ್ಯೆ ಒದ್ದುದಕ್ಕೆ ಮೂರು. ಹೈಸ್ಕೂಲು ಪಂದ್ಯದಲ್ಲಿ ಹನ್ನೆರಡು ಹನ್ನೆರಡು ನಿಮಿಷಗಳ ನಾಲ್ಕು ಭಾಗಗಳು. ಸಾಕರ್ ಆದರೋ ನಮಗೆ ಪರಿಚಿತವಾದುದೇ. ಶಾಲೆಗಳಲ್ಲಿ ಸಾಮಾನ್ಯವಾಗಿ 40 ನಿಮಿಷಗಳ ಎರಡು ಅವಧಿ ಮಾತ್ರ.

ಹಂಗಾಮು ಆರಂಭವಾಗುವುದು ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ಅನೇಕ ಕಡೆ ತರಗತಿಗಳು ತೆರೆಯುವುದಕ್ಕೂ ಮುಂಚೆಯೇ. ಆ ಬಿಸಿಲಿನಲ್ಲಿ ಶಿರಸ್ತ್ರಾಣ ಧರಿಸಿ ಅಭ್ಯಾಸ ಮಾಡುವುದೇ ಒಂದು ಅಪಾಯ. ಆದಕಾರಣ ಈಗ ಮೊದಲ ಕೆಲವು ದಿನ ಭಾರವಾದ ಉಡುಪಿಲ್ಲದೆ ದೇಹವನ್ನು ಒಗ್ಗಿಸುವ ನಿಯಮಗಳಿವೆ. ಪಂದ್ಯಗಳು ವಾರಕ್ಕೊಂದರಂತೆ ಸುಮಾರು ಹತ್ತು ವಾರ ನಡೆಯುತ್ತವೆ. ಶಾಲೆಗಳನ್ನು ವಿದ್ಯಾರ್ಥಿಗಳ ಸಂಖ್ಯೆಗನುಸಾರವಾಗಿ ವರ್ಗ ಮಾಡಿ, ನೆರೆಹೊರೆಯ ಸಮಾನ ಶಾಲೆಗಳನ್ನು ಒಂದು ವಲಯಕ್ಕೆ ಸೇರಿಸುತ್ತಾರೆ. ನಮ್ಮ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿದ್ದಂತೆ ಅಲ್ಲಿ ವಲಯದಲ್ಲಿ ಮುಂದಾದವರು ರಾಜ್ಯದ ಸುತ್ತುಗಳಿಗೆ ಏರುತ್ತಾರೆ. ಟೆಕ್ಸಾಸಿನಲ್ಲಿ ಅಂತಿಮ ಪಂದ್ಯ ಡಿಸೆಂಬರಿನಲ್ಲಿ. ಅಲ್ಲಿ ಇದೆಲ್ಲವನ್ನು ನಡೆಸುವುದು ರಾಜ್ಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿರುವ 'ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್'. 1910ರಲ್ಲಿ ಆ ಸಂಸ್ಥೆ ಮೊದಲುಗೊಂಡದ್ದು ಚೆಂಡಾಟಕ್ಕಾಗಿ ಅಲ್ಲ, ಹೈಸ್ಕೂಲುಗಳ ಚರ್ಚಾಸ್ಪರ್ಧೆಗಾಗಿ ಎಂಬುದನ್ನು ನಮ್ಮ ಕಾಲೇಜಿನ ಚರ್ಚಾಸಂಘದ ಮಿತ್ರರು ಗಮನಿಸಬಹುದು.

ಶಾಲಾ ಫುಟ್‌ಬಾಲಿಗೆ ವಾರ ಶುಕ್ರವಾರ, ಹೊತ್ತು ರಾತ್ರಿ. ಶನಿವಾರ ಕಾಲೇಜುಗಳಿಗೆ, ಭಾನುವಾರ ವೃತ್ತಿಪರ ತಂಡಗಳಿಗೆ. 1961ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಕಾನೂನೊಂದು ಈ ಪದ್ಧತಿಗೆ ಕಾವಲಾಗಿ ನಿಂತಿತು: ಸೆಪ್ಟೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ ಶುಕ್ರವಾರ ರಾತ್ರಿ ಮತ್ತು ಶನಿವಾರಗಳಂದು ವೃತ್ತಿಪರ ಪಂದ್ಯಗಳನ್ನು ದೂರದರ್ಶನದಲ್ಲಿ ತೋರಿಸಿ ಶಾಲೆ ಕಾಲೇಜುಗಳ ಮೈದಾನಗಳನ್ನು ಬರಿದು ಮಾಡದಿರಲಿ ಎಂಬ ಆಶಯ ಅದರಲ್ಲಿದೆ. ಶುಕ್ರವಾರ ಸಂಜೆ ಸಣ್ಣ ಊರುಗಳ ಜನ ಜಾತ್ರೆಗೆ ಹೊರಟಂತೆ ಮೈದಾನಕ್ಕೆ ಹೊರಡುತ್ತಾರೆ. ಶಾಲೆಯ ವಾದ್ಯವೃಂದ, ಹುರಿದುಂಬಿಸುವ ಹುಡುಗಿಯರ ತಂಡ, ಹಳೆಯ ವಿದ್ಯಾರ್ಥಿಗಳು, ಅಂಗಡಿಯವರು ಎಲ್ಲರೂ ಅಲ್ಲಿಯೇ. ಸಾಕರ್‌ಗೆ ಈ ವೈಭವವಿಲ್ಲ. ಅನೇಕ ರಾಜ್ಯಗಳಲ್ಲಿ ಅದೂ ಇದೇ ತಿಂಗಳುಗಳಲ್ಲಿ ನಡೆಯುತ್ತದೆ; ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಂಥ ಕಡೆ ಫುಟ್‌ಬಾಲಿನ ಗದ್ದಲ ಮುಗಿದ ಮೇಲೆ ಚಳಿಗಾಲದಲ್ಲಿ ಅದರ ಸರದಿ.

ಈಗ ಆ ಪ್ರಸಿದ್ಧ ಹಂಗಾಮಿನ ವಿಷಯ. ಪಶ್ಚಿಮ ಟೆಕ್ಸಾಸಿನ ಒಡೆಸ್ಸಾ ಎಂಬುದು ತೈಲಬಾವಿಗಳನ್ನು ನಂಬಿ ಬೆಳೆದ ಊರು. ಅಲ್ಲಿಯ ಪರ್ಮಿಯನ್ ಹೈಸ್ಕೂಲು ಅದುವರೆಗೆ ನಾಲ್ಕು ಸಲ ರಾಜ್ಯದ ಪ್ರಶಸ್ತಿ ಪಡೆದಿತ್ತು; ಅದರಲ್ಲಿ 1984ರದು ಜಂಟಿ ಪ್ರಶಸ್ತಿ. 1986ರಲ್ಲಿ ತೈಲದ ಬೆಲೆ ಕುಸಿದಾಗ ಊರಿನ ಸಂಪಾದನೆಯೂ ಕುಸಿಯಿತು. ಆದರೆ 1982ರಲ್ಲಿ ಕಟ್ಟಿದ, ಸುಮಾರು 19,000 ಜನ ಕುಳಿತು ನೋಡಬಹುದಾದ ಕ್ರೀಡಾಂಗಣ ಮಾತ್ರ ಶುಕ್ರವಾರದ ರಾತ್ರಿಗಳಲ್ಲಿ ತುಂಬುತ್ತಲೇ ಇತ್ತು. ಬಜ್ ಬಿಸಿಂಜರ್ ಎಂಬ ಪತ್ರಕರ್ತ 1988ರಲ್ಲಿ ಸಂಸಾರ ಸಮೇತ ಅಲ್ಲಿಗೆ ಹೋಗಿ ನೆಲಸಿ ಆ ವರ್ಷದ ಹಂಗಾಮನ್ನು ಮೊದಲಿಂದ ಕೊನೆಯವರೆಗೆ ನೋಡಿದನು. 1990ರಲ್ಲಿ ಅವನು ಪ್ರಕಟಿಸಿದ 'ಫ್ರೈಡೇ ನೈಟ್ ಲೈಟ್ಸ್' ಎಂಬ ಗ್ರಂಥ ಬಹಳ ಖ್ಯಾತವಾಯಿತು. 2004ರಲ್ಲಿ ಚಲನಚಿತ್ರವೂ ಆಯಿತು. ಪುಸ್ತಕ ಹೊರಬಂದಾಗ ಒಡೆಸ್ಸಾದ ಅನೇಕರು ಕೋಪಗೊಂಡರು. ಆಟದ ವರ್ಣನೆಯ ಜೊತೆಗೆ ಊರಿನ ಲೆಕ್ಕಪತ್ರವನ್ನೂ ಅವನು ತೆರೆದಿಟ್ಟಿದ್ದುದೇ ಇದಕ್ಕೆ ಕಾರಣ. ಶಾಲೆಯ ಇಂಗ್ಲಿಷ್ ವಿಭಾಗದ ಬೋಧನಸಾಮಗ್ರಿಗೆ ಆಗುವ ಖರ್ಚಿಗಿಂತ ಆಟಗಾರ ಹುಡುಗರ ಪಟ್ಟಿ ಮುಲಾಮುಗಳ ಖರ್ಚೇ ಹೆಚ್ಚಾಗಿತ್ತು ಎಂಬುದು ಅವನು ಎತ್ತಿ ತೋರಿಸಿದ ಸಂಗತಿಗಳಲ್ಲೊಂದು.

ಆ ವರ್ಷ ತಂಡದ ಆಶೆಯೆಲ್ಲ ಚೆಂಡು ಹಿಡಿದು ಓಡುವ ಒಬ್ಬ ಕರಿಯ ಹುಡುಗನ ಮೇಲಿತ್ತು. ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳು ಅವನಿಗೆ ಕಾಗದ ಬರೆಯುತ್ತಿದ್ದವು. ಅಮೆರಿಕದಲ್ಲಿ ಕಾಲೇಜಿನ ಶುಲ್ಕ ಸಾಮಾನ್ಯ ಸಂಸಾರಗಳಿಗೆ ಎಟುಕುವುದು ಕಷ್ಟ; ಒಳ್ಳೆಯ ಆಟಗಾರನಿಗೆ ಶುಲ್ಕವನ್ನೆಲ್ಲ ಕಾಲೇಜೇ ಭರಿಸುವ ವಿದ್ಯಾರ್ಥಿವೇತನವುಂಟು. ಹಂಗಾಮು ತೊಡಗುವ ಮುನ್ನವೇ ಒಂದು ಅಭ್ಯಾಸಪಂದ್ಯದಲ್ಲಿ ಆ ಹುಡುಗನ ಮೊಣಕಾಲು ತಿರುಚಿತು. ಆಮೇಲೆ ಕಾಗದಗಳು ಬರುವುದು ಕಡಿಮೆಯಾಯಿತು. ಅವನ ಜಾಗಕ್ಕೆ ಇನ್ನೊಬ್ಬ ಬಂದು ಚೆನ್ನಾಗಿಯೇ ಓಡಿದನು. ಊರು ಅವನ ಹೆಸರನ್ನು ಕೂಗತೊಡಗಿತು. ಗಾಯಗೊಂಡ ಹುಡುಗ ಹಂಗಾಮಿನ ನಡುವೆಯೇ ತಂಡವನ್ನು ಬಿಟ್ಟನು.

ಪರ್ಮಿಯನ್ ತಂಡ ನೆರೆಯ ಮಿಡ್‌ಲ್ಯಾಂಡ್ ಲೀ ಶಾಲೆಯೆದುರು ಒಂದೇ ಅಂಕದಿಂದ ಸೋತಿತು. ವಲಯದ ಪಂದ್ಯಗಳು ಮುಗಿದಾಗ ಮೂರು ಶಾಲೆಗಳು ಸಮಸಮವಾಗಿ ನಿಂತಿದ್ದವು. ಮುಂದಕ್ಕೆ ಹೋಗುವ ಸ್ಥಾನಗಳು ಎರಡೇ. ನಿಯಮದಂತೆ ನಾಣ್ಯ ಚಿಮ್ಮಿ ತೀರ್ಮಾನಿಸಬೇಕಾಯಿತು. ನಡುರಾತ್ರಿ ಕಳೆದ ಮೇಲೆ ಹೆದ್ದಾರಿಯ ಬದಿಯ ಒಂದು ಲಾರಿ ತಂಗುದಾಣದಲ್ಲಿ ಮೂವರು ತರಬೇತುದಾರರು ಕೂಡಿ ನಾಣ್ಯ ಚಿಮ್ಮಿದರು. ಅದನ್ನು ಜನ ದೂರದರ್ಶನದಲ್ಲಿ ಕಾದು ಕುಳಿತು ನೋಡಿದರು. ಪರ್ಮಿಯನ್ನೂ ಲೀಯೂ ಉಳಿದವು. ಮಿಡ್‌ಲ್ಯಾಂಡ್ ಹೈಸ್ಕೂಲು ಕಳೆದುಕೊಂಡಿತು. ಮೂರು ತಿಂಗಳ ಬೆವರನ್ನು ಒಂದು ನಾಣ್ಯ ನಿಮಿಷದಲ್ಲಿ ಅಳೆದುಬಿಟ್ಟಿತು. ಮುಂದೆ ಪರ್ಮಿಯನ್ ಉಪಾಂತ್ಯ ಪಂದ್ಯದವರೆಗೂ ಹೋಗಿ, ಡಿಸೆಂಬರಿನಲ್ಲಿ ಆಸ್ಟಿನ್ ನಗರದಲ್ಲಿ ಡಲ್ಲಾಸಿನ ಕಾರ್ಟರ್ ಹೈಸ್ಕೂಲಿಗೆ 14–9ರಿಂದ ಸೋತಿತು. ಕಾರ್ಟರ್ ಅಂತಿಮ ಪಂದ್ಯವನ್ನೂ ಗೆದ್ದಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ; ವಿದ್ಯಾರ್ಥಿಗಳಾದ ನಾವು ವಿಶೇಷವಾಗಿ ತಿಳಿಯಬೇಕಾದ ಭಾಗ ಇದೀಗ ಬರುತ್ತದೆ. 1984ರಲ್ಲಿ ಟೆಕ್ಸಾಸ್ ಸರ್ಕಾರ ಒಂದು ಕಾನೂನು ಮಾಡಿತ್ತು. ಯಾವುದೇ ಒಂದು ವಿಷಯದಲ್ಲಿ ನೂರಕ್ಕೆ 70ರ ಕೆಳಗೆ ಇಳಿದ ವಿದ್ಯಾರ್ಥಿ ಆರು ವಾರ ಶಾಲೆಯ ಪರವಾಗಿ ಆಡುವಂತಿಲ್ಲ. 'ಪಾಸಾಗದಿದ್ದರೆ ಆಟವಿಲ್ಲ' ಎಂಬುದು ಇದರ ಸಾರ. 1995ರಲ್ಲಿ ಆರು ವಾರವನ್ನು ಮೂರಕ್ಕೆ ಇಳಿಸಿದರು, ನಿಯಮ ಉಳಿದಿದೆ. ಕಾರ್ಟರ್ ತಂಡದ ಒಬ್ಬ ಆಟಗಾರನಿಗೆ ಬೀಜಗಣಿತದಲ್ಲಿ 70 ಬಂದಿದೆಯೇ ಇಲ್ಲವೇ, ಅಂಕಗಳನ್ನು ಕೂಡಿಸಿದ ರೀತಿ ಸರಿಯೇ ಎಂಬ ವಿವಾದ ಎದ್ದಿತು. ಪಂದ್ಯ ಮೈದಾನದಲ್ಲಿ ನಡೆಯುತ್ತಿದ್ದಂತೆಯೇ ಮೊಕದ್ದಮೆ ನ್ಯಾಯಾಲಯದಲ್ಲಿ ನಡೆಯಿತು. ನ್ಯಾಯಾಲಯದ ತಡೆಯಾಜ್ಞೆಯ ಬಲದಿಂದಲೇ ತಂಡ ಆಡಿತು. ಗೆದ್ದ ಪ್ರಶಸ್ತಿಯನ್ನು ಮುಂದೆ ಅದು ಹಿಂದಿರುಗಿಸಬೇಕಾಗಿ ಬಂದಿತು. ಅಂತಿಮ ಪಂದ್ಯದಲ್ಲಿ ಸೋತಿದ್ದ ಜಡ್ಸನ್ ಹೈಸ್ಕೂಲಿಗೆ ಅದು ಸಂದಿತು.

ನಿಯಮ ಒಳ್ಳೆಯದೇ. ಆದರೆ ಈ ವಿವಾದದಲ್ಲಿ ದೊಡ್ಡವರು ಹಿಡಿದುಕೊಂಡದ್ದು ಹುಡುಗನಿಗೆ ಬಂದ ಅಂಕವನ್ನು. ಅವನಿಗೆ ಬೀಜಗಣಿತ ಬಂದಿತೇ ಎಂಬ ಪ್ರಶ್ನೆ ಮೂಲೆಗೆ ಬಿದ್ದಿತು. ಓದದವನನ್ನು ಆಡಗೊಡಬಾರದೆಂದು ಹೇಳುವ ಅಧಿಕಾರ ಶಾಲೆಗೆ ಇದ್ದರೆ, ಆಡಿದವನಿಗೆ ಓದಿಸುವ ಹೊಣೆಯೂ ಅದಕ್ಕೇ ಇರಬೇಕಲ್ಲವೇ? ನನ್ನ ಹೈಸ್ಕೂಲಿನ ಗೆಳೆಯನೊಬ್ಬ ಕಬಡ್ಡಿಯಲ್ಲಿ ತಾಲ್ಲೂಕು, ಜಿಲ್ಲೆ ದಾಟಿ ವಿಭಾಗದವರೆಗೂ ಹೋಗಿ ಬಂದನು. ಶಾಲೆಗೆ ಬಂದ ಫಲಕವನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಟ್ಟರು. ಅವನು ಹೊರಗಿದ್ದ ದಿನಗಳಲ್ಲಿ ತರಗತಿಯಲ್ಲಿ ಬೀಜಗಣಿತದ ಎರಡು ಅಧ್ಯಾಯ ಮುಗಿದಿದ್ದವು. ಅವನ್ನು ಅವನಿಗೆ ಮತ್ತೆ ಹೇಳಿಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಮನೆಯಲ್ಲಿ ಕೇಳೋಣವೆಂದರೆ, ನನ್ನ ಮನೆಯಂತೆಯೇ ಅವನ ಮನೆಯಲ್ಲಿಯೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವೊಂದರಲ್ಲಿ ಅವನು ನಪಾಸಾದನು. ಈಗ ನೆರೆಯೂರಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾನೆ. ಒಡೆಸ್ಸಾ ಬಹಳ ದೂರದ ಊರು. ಆದರೂ ಆ ಮೊಣಕಾಲಿನ ಕಥೆಯನ್ನು ಓದುವಾಗ ನನಗೆ ದೂರವೇನೂ ತೋರಲಿಲ್ಲ.

ಇಷ್ಟರಿಂದ ಅಲ್ಲಿಯ ಶಾಲಾಕ್ರೀಡೆಯೆಲ್ಲ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಅದರಲ್ಲಿ ನಾವು ಮೆಚ್ಚಿ ಕಲಿಯಬೇಕಾದ ಅಂಶಗಳು ಬಹಳ ಇವೆ. ಮೊದಲನೆಯದು, ಹೆಣ್ಣುಮಕ್ಕಳ ಪಾಲು. ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದೆಂದು 1972ರಲ್ಲಿ 'ಟೈಟಲ್ ನೈನ್' ಎಂಬ ಶಾಸನವಾಯಿತು. ಅದಕ್ಕೆ ಮುಂಚೆ, 1971–72ರಲ್ಲಿ, ದೇಶದ ಹೈಸ್ಕೂಲುಗಳಲ್ಲಿ ಆಟವಾಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಸಾಕರ್ ಆಡುತ್ತಿದ್ದವರು 700 ಮಂದಿ. 2023–24ರ ಹೊತ್ತಿಗೆ ಒಟ್ಟು ಸಂಖ್ಯೆ 34 ಲಕ್ಷವನ್ನು ದಾಟಿತ್ತು. ಸಾಕರ್ ಒಂದರಲ್ಲಿಯೇ ಮೂರೂವರೆ ಲಕ್ಷಕ್ಕೂ ಹೆಚ್ಚು ಹುಡುಗಿಯರಿದ್ದರು. ಫುಟ್‌ಬಾಲ್ ಆಡುವ ಸುಮಾರು ಹತ್ತು ಲಕ್ಷ ಹುಡುಗರಿಗೆ ಹೋಲಿಸಿದರೆ ಇದು ಕಡಿಮೆಯೇ; ಆದರೆ ಒಂದು ಕಾನೂನು ಐವತ್ತು ವರ್ಷಗಳಲ್ಲಿ ಎಷ್ಟು ಬಾಗಿಲುಗಳನ್ನು ತೆರೆಸಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಎರಡನೆಯದು, ಸಣ್ಣ ಶಾಲೆಗಳ ಪಾಲು. 1934ರ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ನೆಬ್ರಾಸ್ಕ ರಾಜ್ಯದ ಸ್ಟೀಫನ್ ಎಪ್ಲರ್ ಎಂಬ ಉಪಾಧ್ಯಾಯ, ಹನ್ನೊಂದು ಹುಡುಗರನ್ನು ಒದಗಿಸಲಾರದ ಹಳ್ಳಿಯ ಶಾಲೆಗಳಿಗಾಗಿ ಆರು ಮಂದಿ ಆಡುವ ಫುಟ್‌ಬಾಲನ್ನು ರೂಪಿಸಿದನು. ಟೆಕ್ಸಾಸಿನ ಸಣ್ಣ ಶಾಲೆಗಳು ಈಗಲೂ ಅದನ್ನು ಆಡುತ್ತವೆ. 'ನಿಮ್ಮಲ್ಲಿ ಜನ ಸಾಲದು, ನಿಮಗೆ ಆಟ ಬೇಡ' ಎಂದು ಹೇಳುವ ಬದಲು ಆಟವನ್ನೇ ಹಳ್ಳಿಯ ಅಳತೆಗೆ ಹೊಲಿದುಕೊಟ್ಟ ಆ ಉಪಾಧ್ಯಾಯನ ಬುದ್ಧಿ ದೊಡ್ಡದು.

ಮೂರನೆಯದು, ದೇಹರಕ್ಷಣೆ. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು 'ಗಂಡಸಾಗು, ಆಡು' ಎಂದು ಮತ್ತೆ ಮೈದಾನಕ್ಕೆ ತಳ್ಳುವುದು ಹಿಂದೆ ಸಾಮಾನ್ಯವಾಗಿತ್ತು. ಅಂಥ ಒಂದು ದುರಂತದ ತರುವಾಯ 2009ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ಮಾಡಿತು: ಮಿದುಳಿಗೆ ಪೆಟ್ಟಾಗಿರಬಹುದೆಂಬ ಶಂಕೆ ಬಂದೊಡನೆ ಆಟಗಾರನನ್ನು ಹೊರಗೆ ಕರೆಯಬೇಕು, ತಜ್ಞ ವೈದ್ಯಕೀಯ ಸಿಬ್ಬಂದಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನು ಮರಳಿ ಆಡಕೂಡದು. 2014ರ ಹೊತ್ತಿಗೆ ಐವತ್ತು ರಾಜ್ಯಗಳೂ ಇಂಥ ಕಾನೂನನ್ನು ಮಾಡಿಕೊಂಡವು. ಸಾಕರ್ ಆಟದಲ್ಲಿಯೂ ತಲೆಗೆ ತಲೆ ತಾಗುವುದುಂಟು. ಅಲ್ಲಿಗೂ ಇದು ಅನ್ವಯಿಸುತ್ತದೆ.

ಈ ಎಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ತೋರುವುದು ಇಷ್ಟು. ಆಟ ಓದಿಗೆ ಶತ್ರುವೆಂಬ ನಮ್ಮ ಹಿರಿಯರ ಮಾತು ಪೂರ್ಣ ಸತ್ಯವಲ್ಲ. ಆಟವೇ ಬಡವನ ಏಣಿಯೆಂಬ ಅಮೆರಿಕದವರ ನಂಬಿಕೆಯೂ ಪೂರ್ಣ ಸತ್ಯವಲ್ಲ. ಏಣಿಗೆ ಒಂದೇ ಮೆಟ್ಟಿಲಿದ್ದರೆ, ಅದು ಮುರಿದಾಗ ಹತ್ತುವವನು ನೆಲಕ್ಕೆ ಬೀಳುತ್ತಾನೆ. ಹುಡುಗನ ಕಾಲು ಊರಿಗೆ ಬೇಕಾಗಿರುವಾಗಲೇ ಅವನ ತಲೆಯನ್ನೂ ಶಾಲೆ ನೋಡಿಕೊಂಡರೆ, ಕಾಲು ಸೋತ ದಿನವೂ ಅವನಿಗೊಂದು ದಾರಿ ಉಳಿಯುತ್ತದೆ. ಇದಕ್ಕೆ ಲಕ್ಷಗಟ್ಟಲೆ ಹಣದ ಕ್ರೀಡಾಂಗಣ ಬೇಕಿಲ್ಲ. ಪಂದ್ಯಕ್ಕೆ ಹೋಗಿ ಬಂದವರಿಗೆ ತಪ್ಪಿದ ಪಾಠಗಳನ್ನು ಹೇಳಿಕೊಡಲು ವಾರದಲ್ಲಿ ಎರಡು ಸಂಜೆ, ಒಬ್ಬ ಉಪಾಧ್ಯಾಯರು, ಒಂದು ಕರಿಹಲಗೆ ಇದ್ದರೆ ಸಾಕು. ನಮ್ಮ ಕಾಲೇಜಿನಲ್ಲಿಯೂ ಅಂತಿಮ ವರ್ಷದವರು ಕಿರಿಯ ಆಟಗಾರರಿಗೆ ಈ ಸಹಾಯವನ್ನು ಮಾಡಬಹುದು. ಈ ವಿಷಯವನ್ನು ಕ್ರೀಡಾಸಂಘದ ಕಾರ್ಯದರ್ಶಿಗಳೂ ಅಧ್ಯಾಪಕ ವರ್ಗದವರೂ ಮುಂದಿನ ವರ್ಷದ ಹಂಗಾಮು ಆರಂಭವಾಗುವ ಮೊದಲೇ ಆಲೋಚಿಸಬೇಕೆಂದು ವಿನಯದಿಂದ ಬಿನ್ನವಿಸಿಕೊಳ್ಳುತ್ತೇನೆ.